ಬೈನಾಕ್ಯುಲರ್ ತಗೊಳ್ಳೋದಾ, ಸ್ಪಾಟಿಂಗ್ ಸ್ಕೋಪಾ? ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಯಲಿಗೆ ಕಡಿಮೆ ಖರ್ಚಿನ ಲೆಕ್ಕ

ಹಕ್ಕಿ, ಪ್ರಾಣಿ ನೋಡಲು ಮೊದಲ ಸಲ ಏನಾದರೂ ಕೊಳ್ಳಬೇಕು, ಕೈಯಲ್ಲಿ ಹತ್ತು ಹನ್ನೆರಡು ಸಾವಿರ ಇದೆ ಎನ್ನುವವರಿಗೆ ನನ್ನ ಉತ್ತರ ನೇರವಾಗಿದೆ. 8×42 ಬೈನಾಕ್ಯುಲರ್ ತಗೊಳ್ಳಿ. ಸ್ಪಾಟಿಂಗ್ ಸ್ಕೋಪ್, ಅಂದರೆ ಟ್ರೈಪಾಡ್ ಮೇಲೆ ಇಟ್ಟು ಒಂದೇ ಕಣ್ಣಿನಲ್ಲಿ ನೋಡುವ ದೊಡ್ಡ ದುರ್ಬೀನು, ಆಮೇಲಿನ ಮಾತು. ಆದರೆ ತುಂಗಭದ್ರಾ ಹಿನ್ನೀರಿನ ದಂಡೆಯ ಊರಿನವರು, ಚಳಿಗಾಲದಲ್ಲಿ ಬಾತು, ಹೆಬ್ಬಾತು ನೋಡುವುದೇ ತಮಗೆ ಮುಖ್ಯ ಎನ್ನುವವರು ಇದ್ದಾರಲ್ಲ, ಅವರ ಲೆಕ್ಕ ಬೇರೆ. ಅದಕ್ಕೇ ಕಾರಣ ಸಮೇತ ಬರೆಯುತ್ತಿದ್ದೇನೆ. ಕಾರಣ ಗೊತ್ತಿದ್ದರೆ ನಿಮ್ಮ ಊರಿಗೆ, ನಿಮ್ಮ ಕಣ್ಣಿಗೆ, ನಿಮ್ಮ ಜೇಬಿಗೆ ಯಾವುದು ಸರಿ ಅಂತ ನೀವೇ ತೀರ್ಮಾನ ಮಾಡಬಹುದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಎರಡರ ಬಗ್ಗೆ ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ಸಲಹೆಯಲ್ಲಿ ಬಹಳಷ್ಟು ಅಮೆರಿಕದ ಬೇಟೆಗಾರರದ್ದು. ಅಲ್ಲಿ ಲೈಸೆನ್ಸ್ ತಗೊಂಡು, ಸೀಸನ್ ನೋಡಿಕೊಂಡು ಜಿಂಕೆ, ಎಲ್ಕ್ ಎನ್ನುವ ದೊಡ್ಡ ಜಿಂಕೆ ಬೇಟೆ ಆಡಲು ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕೌಜುಗ, ಮೊಲ ಹಿಡಿದರೂ ಕೇಸು. ಇರಬೇಕಾದದ್ದೂ ಹಾಗೆಯೇ. ನಮ್ಮ ಕುರುಚಲು ಕಾಡಿನಲ್ಲಿ ಉಳಿದಿರುವುದೇ ಸ್ವಲ್ಪ. ಹಾಗಾಗಿ ಇಲ್ಲಿ ನಾನು ಬರೆಯುವುದೆಲ್ಲ ನೋಡುವವರಿಗೆ, ಗುರುತು ಹಿಡಿಯುವವರಿಗೆ, ಲೆಕ್ಕ ಬರೆದಿಡುವವರಿಗೆ.

ಹಾಗಂತ ಆ ಬೇಟೆಗಾರರ ಅನುಭವವನ್ನು ತಳ್ಳಿಹಾಕಬೇಕಿಲ್ಲ. ಅಮೆರಿಕದ ಪಶ್ಚಿಮದ ಬೋಳು ಬೆಟ್ಟಗಳಲ್ಲಿ ಅವರು ನಸುಕಿನಲ್ಲಿ ಗುಡ್ಡ ಹತ್ತಿ ಕೂರುತ್ತಾರೆ. ಬೈನಾಕ್ಯುಲರ್ ಹಿಡಿದು ಎದುರಿನ ಇಳಿಜಾರನ್ನು ಸಾಲುಸಾಲಾಗಿ ಹುಡುಕುತ್ತಾರೆ. ಪ್ರಾಣಿ ಕಂಡ ಮೇಲೆಯೇ ಸ್ಕೋಪ್ ಹೊರಗೆ ಬರುವುದು. ಕೊಂಬಿನಲ್ಲಿ ಎಷ್ಟು ಕವಲು ಇವೆ, ಅಷ್ಟು ದೂರ ನಡೆದುಹೋಗುವುದು ಲಾಭವಾ ಅಂತ ಕೂತಲ್ಲಿಂದಲೇ ನೋಡಿಕೊಳ್ಳುತ್ತಾರೆ. ಅದೇ ದೇಶದ ಪೂರ್ವದ ದಟ್ಟ ಕಾಡಿನಲ್ಲಿ ಸ್ಕೋಪ್‌ಗೆ ಅಷ್ಟು ಕೆಲಸ ಇಲ್ಲ. ಮರಗಳ ನಡುವೆ ದೂರ ಕಾಣುವುದೇ ಇಲ್ಲವಲ್ಲ.

ಅಂದರೆ ಹುಡುಕುವುದು ಬೈನಾಕ್ಯುಲರ್ ಕೆಲಸ, ಖಾತ್ರಿ ಮಾಡಿಕೊಳ್ಳುವುದು ಸ್ಕೋಪ್ ಕೆಲಸ. ಹುಡುಕದೆ ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಎರಡರಲ್ಲಿ ಒಂದೇ ಅಂದರೆ ಮೊದಲು ಹುಡುಕುವ ಸಾಧನವೇ ಬೇಕು.

ಅಂಕಿಗಳಲ್ಲಿ ಏನಿದೆ

8×42 ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಸ್ಕೋಪ್ ಮೇಲೆ 20-60×60 ಅಂತ ಬರೆದಿರುತ್ತದೆ. ಇಪ್ಪತ್ತರಿಂದ ಅರವತ್ತು ಪಟ್ಟಿನವರೆಗೆ ಜೂಮ್ ಆಗುತ್ತದೆ, ಮುಂದಿನ ಗಾಜು 60 ಮಿಲಿಮೀಟರ್. ಹಿನ್ನೀರಿನಲ್ಲಿ 800 ಮೀಟರ್ ದೂರ ಕೂತ ಹೆಬ್ಬಾತು 8 ಪಟ್ಟಿನಲ್ಲಿ 100 ಮೀಟರ್ ದೂರದಲ್ಲಿ ಇದ್ದಂತೆ ಕಾಣುತ್ತದೆ. 40 ಪಟ್ಟಿನಲ್ಲಿ 20 ಮೀಟರ್‌ಗೆ ಬಂದಂತೆ ಕಾಣುತ್ತದೆ. ಇಷ್ಟು ಕೇಳಿದರೆ ಯಾರಿಗಾದರೂ ಸ್ಕೋಪೇ ಬೇಕು ಅನಿಸುತ್ತದೆ, ಅಲ್ವಾ?

ಆದರೆ ಹತ್ತಿರ ಬಂದಷ್ಟೂ ನೋಟದ ಅಗಲ ಕಿರಿದಾಗುತ್ತದೆ. ಒಳ್ಳೆಯ 8 ಪಟ್ಟಿನ ಬೈನಾಕ್ಯುಲರ್‌ನಲ್ಲಿ 1000 ಮೀಟರ್ ದೂರದಲ್ಲಿ ಸುಮಾರು 110ರಿಂದ 140 ಮೀಟರ್ ಅಗಲದ ಜಾಗ ಒಂದೇ ನೋಟಕ್ಕೆ ಸಿಗುತ್ತದೆ. ಸ್ಕೋಪ್‌ನಲ್ಲಿ 20 ಪಟ್ಟಿಗೆ ಅದು 35-40 ಮೀಟರ್‌ಗೆ ಇಳಿಯುತ್ತದೆ. 60 ಪಟ್ಟಿಗೆ ಅದರ ಅರ್ಧ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕಡೆ, ಅಥವಾ ಕೊಪ್ಪಳದ ಯಾವುದೇ ಕುರಿ ಮೇಯುವ ಬಯಲಿನಲ್ಲಿ, ತೋಳ ನೋಡಲು ಕೂತಿದ್ದೀರಿ ಎಂದುಕೊಳ್ಳಿ. ತೋಳ ನಿಂತಲ್ಲಿ ನಿಲ್ಲುವ ಪ್ರಾಣಿ ಅಲ್ಲ. ಒಣಹುಲ್ಲಿನ ಬಣ್ಣವೇ ಅದರ ಬಣ್ಣ. ಒಂದೇ ಹದದ ನಡಿಗೆಯಲ್ಲಿ ಹೋಗುತ್ತಾ ಇರುತ್ತದೆ, ಬದುವಿನ ಹಿಂದೆ ಇಳಿದರೆ ಮಾಯ. ಬೈನಾಕ್ಯುಲರ್ ಇದ್ದರೆ ಕಣ್ಣು ತೋಳದ ಮೇಲೆಯೇ ಇಟ್ಟುಕೊಂಡು ಕೈ ಮೇಲೆತ್ತಿದರೆ ಸಾಕು, ನೋಟದ ಒಳಗೆ ಸಿಗುತ್ತದೆ. ಸ್ಕೋಪ್‌ನಲ್ಲಿ ಟ್ರೈಪಾಡ್ ತಿರುಗಿಸಿ, ಕೊಳವೆಯ ಗುರಿ ಹೊಂದಿಸಿ, ಫೋಕಸ್ ಮಾಡುವಷ್ಟರಲ್ಲಿ ಅಲ್ಲಿ ಜಾಲಿಗಿಡ ಮಾತ್ರ ಇರುತ್ತದೆ.

ತೋಳದ ವಿಷಯ ಬಂತು ಅಂತ ಇನ್ನೊಂದು ಮಾತು. ಅದು ಎಲ್ಲಿದೆ ಅಂತ ನಿಮಗಿಂತ ಮೊದಲು ಕುರಿಗಾಹಿಗೆ ಗೊತ್ತಿರುತ್ತದೆ. ಅವರ ಹತ್ತಿರ ಕೂತು ಮಾತಾಡಿ, ನಿಮ್ಮ ಬೈನಾಕ್ಯುಲರ್ ಅವರ ಕೈಗೂ ಕೊಡಿ. ಮರಿ ಇರುವ ಗವಿ ಗೊತ್ತಾದರೂ ಹತ್ತಿರ ಹೋಗಬೇಡಿ. ನಮ್ಮ ಕೈಯಲ್ಲಿ ಗಾಜು ಇರುವುದೇ ಹತ್ತಿರ ಹೋಗದಿರಲಿಕ್ಕೆ.

ನಮ್ಮ ಬಿಸಿಲು ಯಾವ ಕಂಪನಿಯ ಮಾತೂ ಕೇಳುವುದಿಲ್ಲ

ಪಟ್ಟು ಜಾಸ್ತಿ ಇದ್ದರೆ ಚೆನ್ನಾಗಿ ಕಾಣುತ್ತದೆ ಎನ್ನುವ ಲೆಕ್ಕ ನಮ್ಮ ಸೀಮೆಯಲ್ಲಿ ಕೈ ಕೊಡುವುದು ಬಿಸಿಲಿನಿಂದ. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಚಳಿಗಾಲದಲ್ಲೂ ಹತ್ತು ಗಂಟೆಗೆ ಬಿಸಿಲು ಚುರುಕಾಗುತ್ತದೆ. ನೆಲ ಕಾದರೆ ಅದರ ಮೇಲಿನ ಗಾಳಿ ಕಾದು ಮೇಲೇಳುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಎರಡರಲ್ಲೂ ಬೆಳಕು ಒಂದೇ ಥರ ಸಾಗುವುದಿಲ್ಲ, ಅಲ್ಲಲ್ಲೇ ಬಾಗುತ್ತದೆ. ಹಾಗಾಗಿ ದೂರದ ವಸ್ತು ನಡುಗಿದಂತೆ, ಕರಗಿದಂತೆ ಕಾಣುತ್ತದೆ. ನಿಮ್ಮ ಗಾಜು ಹಕ್ಕಿಯನ್ನು ದೊಡ್ಡದು ಮಾಡುವಾಗ ಈ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ.

ಸಿರುಗುಪ್ಪ, ಮಾನ್ವಿ, ಸಿಂಧನೂರು ಕಡೆಯ ಎರೆ ಹೊಲ ನೋಡಿ. ಕಪ್ಪು ಮಣ್ಣು ಬಿಸಿಲನ್ನು ಜೋರಾಗಿ ಹೀರುತ್ತದೆ. ಬೆಳೆ ಕೊಯ್ದ ಮೇಲೆ ಬೋಳಾದ ಎರೆ ಹೊಲದಲ್ಲಿ ಹನ್ನೊಂದು ಗಂಟೆಗೆ ಸ್ಕೋಪ್ ಇಟ್ಟು 40 ಪಟ್ಟಿಗೆ ತಿರುಗಿಸಿದರೆ, ಅರ್ಧ ಕಿಲೋಮೀಟರ್ ಆಚೆಯ ಹಕ್ಕಿಗೆ ಕಾಲು ಇರುವುದಿಲ್ಲ, ಕತ್ತು ಅಲೆಅಲೆಯಾಗಿ ಏಳುತ್ತಿರುತ್ತದೆ. ಅದು ಬೆಳ್ಳಕ್ಕಿಯಾ, ಬೇರೆ ಏನಾದರೂನಾ ಅಂತ ಹೇಳಲು ಆಗುವುದಿಲ್ಲ. ಅದೇ ಹಕ್ಕಿ 8 ಪಟ್ಟಿನ ಬೈನಾಕ್ಯುಲರ್‌ನಲ್ಲಿ ಚಿಕ್ಕದಾಗಿ ಕಂಡರೂ ಗುರುತು ಸಿಗುತ್ತದೆ. ಹತ್ತು ಸಾವಿರದ ಸ್ಕೋಪ್ ಆದರೂ ಅಷ್ಟೇ, ಎರಡು ಲಕ್ಷದ್ದಾದರೂ ಅಷ್ಟೇ. ತಪ್ಪು ಗಾಜಿನದ್ದಲ್ಲ, ನಡುವಿನ ಗಾಳಿಯದ್ದು.

ಆದ್ದರಿಂದ ನಮ್ಮಲ್ಲಿ ಸ್ಕೋಪ್‌ಗೆ ದಿನದಲ್ಲಿ ಸಿಗುವ ಹೊತ್ತು ಕಡಿಮೆ. ಚಳಿಗಾಲದಲ್ಲಿ ಬೆಳಕು ಹರಿದಾಗಿನಿಂದ ಒಂಬತ್ತು ಗಂಟೆವರೆಗೆ, ಮತ್ತೆ ಸಂಜೆ ಸ್ವಲ್ಪ ಹೊತ್ತು. ಬೇಸಿಗೆಯಲ್ಲಿ ಎಂಟಕ್ಕೇ ಮುಗಿಯಿತು. ಮಳೆ ಬಂದು ನೆಲ ತಂಪಾದ ಮರುದಿನ, ಮೋಡ ಮುಚ್ಚಿದ ದಿನ ಸ್ವಲ್ಪ ಜಾಸ್ತಿ ಸಿಗುತ್ತದೆ. ಗುಡ್ಡದ ಮೇಲಿಂದ ಕೆಳಗೆ ನೋಡುವುದೂ ಅನುಕೂಲ, ಏಕೆಂದರೆ ನೋಟದ ದಾರಿ ಕಾದ ನೆಲಕ್ಕೆ ಅಂಟಿಕೊಂಡು ಹೋಗುವುದಿಲ್ಲ. ಬೆಳಿಗ್ಗೆ ಏಳಲು ಆಗದವರು, ಭಾನುವಾರ ಹತ್ತು ಗಂಟೆಗೆ ಬೈಕ್ ಹತ್ತುವವರು, ದಯವಿಟ್ಟು ಸ್ಕೋಪ್‌ಗೆ ದುಡ್ಡು ಹಾಕಬೇಡಿ.

ದರೋಜಿಯ ಸಂಜೆ

ಇನ್ನೊಂದು ಲೆಕ್ಕ ಬೆಳಕಿನದ್ದು. ಸಂಡೂರು ತಾಲ್ಲೂಕಿನ ದರೋಜಿ ಕರಡಿಧಾಮಕ್ಕೆ ಹೋದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿನ ವೀಕ್ಷಣಾ ಗೋಪುರದಿಂದ ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳನ್ನು ನೋಡುತ್ತಾ ಕೂರುವುದು ಮಧ್ಯಾಹ್ನದಿಂದ ಸಂಜೆವರೆಗೆ. ಇಲಾಖೆಯವರು ಬಂಡೆಗೆ ಬೆಲ್ಲ ಕಲಸಿದ ತಿನಿಸು ಸವರಿರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿ ಒಂದೊಂದಾಗಿ ಬರುತ್ತವೆ. ಕಪ್ಪು ಮೈ, ಬಂಡೆಯ ನೆರಳು, ಬೆಳಕು ಇಳಿಯುವ ಹೊತ್ತು. ತಾಯಿಯ ಬೆನ್ನ ಮೇಲೆ ಮರಿ ಇದೆಯಾ, ಎದೆಯ ಬಿಳಿ ಗುರುತು ಕಾಣುತ್ತದಾ ಅಂತ ನೋಡಬೇಕು ಎಂದರೆ ಗಾಜಿನೊಳಗೆ ಬೆಳಕು ಸಾಕಷ್ಟು ಬರಬೇಕು.

ಇದನ್ನು ಅಳೆಯುವುದು ಸುಲಭ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್. ಇದನ್ನು ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಗಾಜಿನಿಂದ ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಅಷ್ಟು. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್‌ವರೆಗೆ ಅರಳುತ್ತದೆ. ವಯಸ್ಸಾದಂತೆ 5ಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಹಾಗಾಗಿ ಸಂಜೆ ಹೊತ್ತಿಗೆ 5ರ ಆಸುಪಾಸು ಇದ್ದರೆ ಚೆನ್ನ. 10×42ರಲ್ಲಿ ಅದು 4.2. ಪರವಾಗಿಲ್ಲ. ಅಗ್ಗದ 20-60×60 ಸ್ಕೋಪ್‌ನಲ್ಲಿ 20 ಪಟ್ಟಿಗೆ 3, ಪೂರ್ತಿ 60ಕ್ಕೆ ತಿರುಗಿಸಿದರೆ ಬರೀ 1. ಸಂಜೆ ಆರಕ್ಕೆ ಆ 1 ಮಿಲಿಮೀಟರ್ ಬೆಳಕಿನಲ್ಲಿ ಕರಡಿಯೂ ಬಂಡೆಯೂ ಒಂದೇ ಕಪ್ಪು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ 60 ಎಂಬ ಅಂಕಿ ನಿಮ್ಮ ಕೆಲಸಕ್ಕೆ ಬರುವುದು ತೀರಾ ಕಡಿಮೆ. ಕಡಿಮೆ ಬೆಲೆಯ ಸ್ಕೋಪ್‌ನಲ್ಲಿ 35-40 ಪಟ್ಟು ದಾಟಿದ ಮೇಲೆ ಚಿತ್ರ ಮಸುಕು, ಬಣ್ಣ ಸಪ್ಪೆ.

ದರೋಜಿಯಲ್ಲಿ ಬೈನಾಕ್ಯುಲರ್ ಸಾಕಾ ಅಂದರೆ, ಧಾರಾಳವಾಗಿ ಸಾಕು. ಗೋಪುರದಲ್ಲಿ ಜನ ಇರುತ್ತಾರೆ, ಟ್ರೈಪಾಡ್ ಬಿಚ್ಚಲು ಜಾಗ ಇರುವುದಿಲ್ಲ. ಜೊತೆಗೆ ಕರಡಿ ಬರುವವರೆಗೂ ಸುತ್ತ ನವಿಲು, ಕೌಜುಗ ಓಡಾಡುತ್ತಿರುತ್ತವೆ. ಅವನ್ನೂ ನೋಡಬೇಕಲ್ಲ.

ನದಿಯ ಕಥೆಯೂ ಇದೇ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ನೀರುನಾಯಿ ತಲೆ ಎತ್ತುವುದು ಕ್ಷಣ ಹೊತ್ತು, ಮುಳುಗಿದರೆ ಮತ್ತೆ ಏಳುವುದು ಬೇರೆ ಕಡೆ. ಆನೆಗೊಂದಿ ಕಡೆ ಹರಗೋಲಿನಲ್ಲಿ ಕೂತರೆ ಕೆಳಗಿನ ನೀರೇ ಅಲುಗುತ್ತಿರುತ್ತದೆ, ಅಲ್ಲಿ ಸ್ಕೋಪ್ ತೆಗೆಯುವ ಮಾತೇ ಇಲ್ಲ. ರಾಯಚೂರು ಜಿಲ್ಲೆಯ ಕೃಷ್ಣಾ ತೀರದಲ್ಲಿ ಮೊಸಳೆ ನೋಡುವವರಿಗೆ ಮಾತ್ರ ಸ್ವಲ್ಪ ಬೇರೆ. ಮೊಸಳೆ ಬಂಡೆಯ ಮೇಲೆ ಗಂಟೆಗಟ್ಟಲೆ ಮಲಗುತ್ತದೆ, ನೀವು ಎದುರು ದಡದಲ್ಲಿ ದೂರ ಇರುವುದೇ ಒಳ್ಳೆಯದು. ಅಲ್ಲಿ ಸ್ಕೋಪ್ ಇದ್ದರೆ ಉಪಯೋಗ ಆಗುತ್ತದೆ, ಆದರೆ ಅದಕ್ಕೆಂದೇ ಕೊಳ್ಳುವಷ್ಟಲ್ಲ.

ಸ್ಕೋಪ್ ನಿಜವಾಗಿ ಬೇಕಾಗುವ ಜಾಗ

ಅದು ಹಿನ್ನೀರು. ತುಂಗಭದ್ರಾ ಜಲಾಶಯ ಮಳೆಗಾಲದಲ್ಲಿ ತುಂಬಿ, ಕಾಲುವೆಗೆ ನೀರು ಬಿಟ್ಟಂತೆಲ್ಲ ದಂಡೆ ಹಿಂದಕ್ಕೆ ಸರಿಯುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಆ ಹಸಿ ದಂಡೆಯ ಮೇಲೆ ಹಕ್ಕಿಗಳ ಸಂತೆ. ಪಟ್ಟೆತಲೆ ಹೆಬ್ಬಾತು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಇಲ್ಲಿಗೆ ಬರುತ್ತದೆ. ಸೂಜಿಬಾಲದ ಬಾತು, ಚಲುಕ ಬಾತು ನೀರಿನ ಮಧ್ಯೆ ಇರುತ್ತವೆ. ಗೊರವಗಳು ಕೆಸರಿನಲ್ಲಿ ಓಡುತ್ತಿರುತ್ತವೆ. ಮರ ಇಲ್ಲ, ಮರೆ ಇಲ್ಲ. ನೀವು ಹತ್ತಿರ ಹೋಗಲು ಹೊರಟರೆ ಕಾಲು ಹೂತುಹೋಗುತ್ತದೆ, ಹಕ್ಕಿಯೂ ಎದ್ದುಹೋಗುತ್ತದೆ. ದೂರದಲ್ಲೇ ನಿಂತು ನೋಡುವುದೊಂದೇ ದಾರಿ. ಬೆಳಗಿನ ಹೊತ್ತು ನೀರಿನ ಮೇಲೆ ಗಾಳಿ ತಣ್ಣಗೆ ಇರುವುದರಿಂದ ಬಿಸಿಲಿನ ನಡುಕವೂ ಕಡಿಮೆ.

ಇಲ್ಲಿ 8 ಪಟ್ಟಿಗೆ ಕಾಣುವುದು ಕಂದು ಚುಕ್ಕೆಗಳ ಗುಂಪು. 25-30 ಪಟ್ಟಿಗೆ ಪ್ರತಿ ಚುಕ್ಕೆಗೂ ಕೊಕ್ಕು, ಕಣ್ಣು, ರೆಕ್ಕೆಯ ಪಟ್ಟಿ ಬರುತ್ತದೆ. ಹೆಬ್ಬಾತಿನ ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಎಣಿಸಬಹುದು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಅದರ ಮೇಲಿನ ಅಕ್ಷರ, ಅಂಕಿ ಓದಿ ಹೇಳಿದರೆ ಆ ಹಕ್ಕಿ ಎಲ್ಲಿಂದ ಹೊರಟಿತ್ತು ಎಂದು ತಿಳಿಯುತ್ತದೆ. ಅದನ್ನು ಓದಲು ಬೈನಾಕ್ಯುಲರ್‌ನಿಂದ ಆಗುವುದಿಲ್ಲ, ಸ್ಕೋಪೇ ಬೇಕು. ಅಮೆರಿಕದವರು ಕೊಂಬಿನ ಕವಲು ಎಣಿಸುವ ಕೆಲಸಕ್ಕೆ ನಮ್ಮಲ್ಲಿ ಇದೇ ಸರಿಸಾಟಿ, ಯಾವ ಜೀವವೂ ಹೋಗದ ಸರಿಸಾಟಿ.

ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಇದು ಹೊಂದುತ್ತದೆ. ಜಗತ್ತಿನ ಮುಖ್ಯ ಕೆರೆ, ಜೌಗುಗಳ ರಾಮ್‌ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಅಲ್ಲಿ ಜಾಲಿಮರಗಳ ಮೇಲೆ ಗೂಡು ಕಟ್ಟಿದ ಬಣ್ಣದ ಕೊಕ್ಕರೆಗಳನ್ನು ದಂಡೆಯಿಂದಲೇ, ಅವಕ್ಕೆ ತೊಂದರೆ ಕೊಡದೆ ನೋಡಬಹುದು.

ಹಿನ್ನೀರಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಅಣೆಕಟ್ಟೆಯ ಹತ್ತಿರ ಟ್ರೈಪಾಡ್ ನಿಲ್ಲಿಸಬೇಡಿ. ಅದು ಭದ್ರತೆ ಇರುವ ಜಾಗ, ಉದ್ದನೆ ಕೊಳವೆ ಕಂಡರೆ ಕಾವಲಿನವರು ಕೇಳಿಯೇ ಕೇಳುತ್ತಾರೆ. ಹಾಗೆಯೇ ಬಂದೂಕಿಗೆ ಕೂರಿಸುವ ರೈಫಲ್ ಸ್ಕೋಪ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅದರ ನೋಟ ತೀರಾ ಕಿರಿದು, ಮಧ್ಯೆ ಗುರಿಯ ಗೆರೆ ಇರುತ್ತದೆ, ಕಾಡಂಚಿನಲ್ಲಿ ಅದನ್ನು ಹಿಡಿದು ನಿಂತರೆ ಅರಣ್ಯ ಸಿಬ್ಬಂದಿಗೆ ಅನುಮಾನ ಬರುವುದು ಸಹಜ.

ಟ್ರೈಪಾಡ್‌ನ ಮರೆತ ಖರ್ಚು

ಸ್ಕೋಪ್ ಬೆಲೆ ನೋಡುವಾಗ ಜನ ಮರೆಯುವುದು ಇದನ್ನೇ. 20 ಪಟ್ಟಿನ ಕೊಳವೆಯನ್ನು ಕೈಯಲ್ಲಿ ಹಿಡಿದು ನೋಡಲು ಆಗುವುದಿಲ್ಲ. ಸಾವಿರ ರೂಪಾಯಿಯ ಮೊಬೈಲ್ ಟ್ರೈಪಾಡ್ ಮೇಲೆ ಇಟ್ಟರೆ ಬೆರಳು ತಾಗಿದರೂ ಚಿತ್ರ ನಡುಗುತ್ತದೆ. ಇನ್ನು ಗಾಳಿ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರ ನೆಟ್ಟಿರುವುದು ಅಲ್ಲಿ ಗಾಳಿ ಇದೆ ಅಂತಲೇ. ಸ್ಕೋಪ್ ಹೊರುವಂಥ, ಮೆಲ್ಲಗೆ ತಿರುಗುವ ವಿಡಿಯೊ ಹೆಡ್ ಇರುವ ಟ್ರೈಪಾಡ್‌ಗೆ ಮೂರರಿಂದ ಆರು ಸಾವಿರ ಎತ್ತಿಡಬೇಕು. ಹತ್ತು ಸಾವಿರದ ಬಜೆಟ್‌ನಲ್ಲಿ ಅಷ್ಟು ಕಳೆದರೆ ಸ್ಕೋಪ್‌ಗೆ ಉಳಿಯುವ ದುಡ್ಡಿಗೆ ಬರುವುದು ಆಟಿಕೆ.

ಟ್ರೈಪಾಡ್ ಇದ್ದರೂ ಕಾಲು ಪೂರ್ತಿ ಎಳೆಯದೆ, ನಡುವಿನ ಕಂಬ ಏರಿಸದೆ, ಕೂತು ನೋಡಿ. ಕೆಳಗಿನ ಕೊಕ್ಕೆಗೆ ನಿಮ್ಮ ಚೀಲ ತೂಗುಹಾಕಿ. ಕೊಪ್ಪಳ, ಆನೆಗೊಂದಿ ಕಡೆ ಬಂಡೆಗೇನು ಬರವಾ? ಗಟ್ಟಿ ಬಟ್ಟೆಯ ಚೀಲದಲ್ಲಿ ಒಂದೆರಡು ಕೆಜಿ ಜೋಳ ತುಂಬಿ, ಮುಕ್ಕಾಲು ಮಾತ್ರ ತುಂಬಿ ಬಾಯಿ ಹೊಲಿದುಬಿಡಿ. ಅದನ್ನು ಬಂಡೆಯ ಮೇಲೆ ಇಟ್ಟು ಮೇಲೆ ಸ್ಕೋಪ್ ಒತ್ತಿದರೆ, ಸಾಧಾರಣ ಟ್ರೈಪಾಡ್‌ಗಿಂತ ಗಟ್ಟಿಯಾಗಿ ಕೂರುತ್ತದೆ. ಕಾರಿನ ಕಿಟಕಿಗೂ ಇದೇ ಚೀಲ ನಡೆಯುತ್ತದೆ. ಬೈನಾಕ್ಯುಲರ್‌ಗೂ ಇದನ್ನು ಮಾಡಿ ನೋಡಿ. ಮೊಣಕೈ ಮೊಣಕಾಲಿಗೆ ಊರಿ, ಟೋಪಿಯ ಅಂಚನ್ನೂ ಬೈನಾಕ್ಯುಲರನ್ನೂ ಸೇರಿಸಿ ಹಿಡಿದರೆ ಕಾಣುವ ವಿವರ ಎಷ್ಟೋ ಜಾಸ್ತಿ ಆಗುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು

8 ಪಟ್ಟಾ, 10 ಪಟ್ಟಾ ಎನ್ನುವ ಚರ್ಚೆ ಮುಗಿಯುವುದಿಲ್ಲ. ಬಯಲಿನಲ್ಲಿ ದೂರ ನೋಡುವವರು, ಕೈ ಗಟ್ಟಿ ಇರುವವರು 10×42 ತಗೊಂಡರೆ ತಪ್ಪಿಲ್ಲ. ನನ್ನ ಒಲವು 8ರ ಕಡೆ. ಕೈ ನಡುಕ ಕಡಿಮೆ ಕಾಣುತ್ತದೆ, ನೋಟ ಅಗಲ, ಸಂಜೆ ಬೆಳಕು ಜಾಸ್ತಿ, ಬಿಸಿಲಿನ ಕಾಟ ಸ್ವಲ್ಪ ಕಡಿಮೆ.

ಕನ್ನಡಕ ಹಾಕುವವರು ಐ ರಿಲೀಫ್, ಅಂದರೆ ಪೂರ್ತಿ ನೋಟ ಕಾಣುವಂತೆ ಕಣ್ಣು ಗಾಜಿನಿಂದ ಎಷ್ಟು ದೂರ ಇರಬಹುದು ಎಂಬ ಅಳತೆ, ಎಷ್ಟು ಎಂದು ಕೇಳಲೇಬೇಕು. 15 ಮಿಲಿಮೀಟರ್‌ಗಿಂತ ಜಾಸ್ತಿ ಇರಲಿ. ಇಲ್ಲದಿದ್ದರೆ ಕನ್ನಡಕ ಹಾಕಿಕೊಂಡಾಗ ನೋಟದ ಅಂಚೆಲ್ಲ ಕತ್ತರಿಸಿ ಹೋಗುತ್ತದೆ. ನಿಕಾನ್ ಆಕ್ಯುಲಾನ್ 8×42, ಒಲಿಂಪಸ್ 8×40 ಎರಡೂ ಅಗ್ಗ, ಚಿತ್ರ ಚೆನ್ನ, ಆದರೆ ಐ ರಿಲೀಫ್ 12 ಮಿಲಿಮೀಟರ್ ಮಾತ್ರ. ಅವು ಬರಿಗಣ್ಣಿನವರಿಗೆ. ಮಳೆಗೂ ತಡೆಯುವುದಿಲ್ಲ. ಕನ್ನಡಕದವರಿಗೆ ನಿಕಾನ್ ಆಕ್ಷನ್ ಇಎಕ್ಸ್ 8×40 ಒಳ್ಳೆಯದು, ಐ ರಿಲೀಫ್ 17 ದಾಟುತ್ತದೆ, ನೀರೂ ಒಳಗೆ ಹೋಗುವುದಿಲ್ಲ. ತೂಕ ಮಾತ್ರ 850 ಗ್ರಾಂ ಮೇಲಿದೆ.

ಇವು ಮೂರೂ ಪೊರೊ ಮಾದರಿ, ಅಂದರೆ ನಡುವೆ ಸೊಟ್ಟಗೆ ಉಬ್ಬಿರುವ ಹಳೇ ಆಕಾರದವು. ನೆಟ್ಟಗಿನ ಕೊಳವೆಯ ರೂಫ್ ಮಾದರಿ ನೋಡಲು ಚಂದ, ಕೈಗೂ ಹಿತ. ಆದರೆ ಅದರ ಪ್ರಿಸಂ, ಅಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡಿನ ಕೆಲಸ ನಾಜೂಕು, ಚಿತ್ರ ಮಸುಕಾಗದಿರಲು ಫೇಸ್ ಕೋಟಿಂಗ್ ಎನ್ನುವ ಲೇಪನ ಬೇಕು, ಅದಕ್ಕೆ ಖರ್ಚು ಜಾಸ್ತಿ. ಹತ್ತು ಸಾವಿರದ ಒಳಗೆ ಎರಡೂ ಒಂದೇ ಬೆಲೆಗೆ ಸಿಕ್ಕರೆ ಚಿತ್ರ ಚೆನ್ನಾಗಿರುವುದು ಸಾಮಾನ್ಯವಾಗಿ ಪೊರೊದಲ್ಲೇ. ಅದಕ್ಕಿಂತ ಮೇಲೆ ಹೋಗುವವರಿಗೆ ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್, ಇನ್ನೂ ಮೇಲೆ ನಿಕಾನ್ ಮೊನಾರ್ಕ್ ಎಂ5 ಇವೆ. ಎಂ5ನಲ್ಲಿ ಬಣ್ಣ ಚದುರುವುದನ್ನು ತಗ್ಗಿಸುವ ಇಡಿ ಗಾಜು ಇರುವುದರಿಂದ ಬಿಳಿ ಬೆಳ್ಳಕ್ಕಿಯ ಅಂಚಿನಲ್ಲಿ ಕಾಣುವ ನೇರಳೆ ಗೆರೆ ಬಹಳ ಕಡಿಮೆ.

ಕೈಗೆ ತಗೊಂಡ ಮೇಲೆ ಮೂರು ಕೆಲಸ ಮಾಡಿ. ಮೊದಲು ಬೈನಾಕ್ಯುಲರನ್ನು ಕೈಯಳತೆ ದೂರ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ, ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆಗಳನ್ನು ನೋಡಿ. ಬಿಲ್ಲೆ ಗುಂಡಗೆ, ಅಂಚಿನವರೆಗೂ ಒಂದೇ ಬೆಳಕು ಇದ್ದರೆ ಪ್ರಿಸಂ ಒಳ್ಳೆಯ ಗಾಜಿನದ್ದು, ಬಾಕ್4 ಎಂದು ಬರೆದಿರುತ್ತಾರೆ. ಅಂಚು ಚೌಕಾಕಾರಕ್ಕೆ ಕತ್ತರಿಸಿದಂತೆ, ನೆರಳು ಬಿದ್ದಂತೆ ಇದ್ದರೆ ಅಗ್ಗದ ಪ್ರಿಸಂ. ಎರಡನೆಯದು, ಹೊರಗೆ ಬಂದು ದೂರದ ಕರೆಂಟ್ ತಂತಿ ನೋಡಿ. ನೋಡುತ್ತಾ ನೋಡುತ್ತಾ ಬೈನಾಕ್ಯುಲರನ್ನು ಕಣ್ಣಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ. ಎಡಬಲದ ತಂತಿ ಒಂದೇ ಮಟ್ಟದಲ್ಲಿ ಉಳಿಯಬೇಕು. ಒಂದು ಮೇಲೆ ಒಂದು ಕೆಳಗೆ ಹೋದರೆ ಎರಡು ಕೊಳವೆ ಹೊಂದಿಕೊಂಡಿಲ್ಲ. ಅಂಥದ್ದರಲ್ಲಿ ಹತ್ತು ನಿಮಿಷ ನೋಡಿದರೆ ತಲೆನೋವು ಗ್ಯಾರಂಟಿ. ಮೂರನೆಯದು, ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿಪಡಿಸುವ ಬಲಗಣ್ಣಿನ ಉಂಗುರ, ಅಂದರೆ ಡಯಾಪ್ಟರ್, ಹೊಂದಿಸುವುದು. ಬಲಗಡೆಯ ಮುಂದಿನ ಗಾಜು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಉಂಗುರ ಮಾತ್ರ ತಿರುಗಿಸಿ. ಇದನ್ನು ಮಾಡಿಕೊಳ್ಳದೆ ಗಾಜು ಸರಿ ಇಲ್ಲ ಎಂದು ವಾಪಸ್ ಕೊಟ್ಟವರನ್ನು ನೋಡಿದ್ದೇನೆ.

ದಾರಿಬದಿಯಲ್ಲೂ ಆನ್‌ಲೈನ್‌ನಲ್ಲೂ 70×70, 1000 ಮೀಟರ್ ನೈಟ್ ವಿಷನ್ ಅಂತೆಲ್ಲ ಬರೆದ ಎಂಟುನೂರು ರೂಪಾಯಿಯ ಬೈನಾಕ್ಯುಲರ್ ಬರುತ್ತವೆ. ಆ ಅಂಕಿ ಸುಳ್ಳು. ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವಂಥದ್ದನ್ನು ಕೊಳ್ಳಬೇಡಿ, ಆ ಲೇಪನ ಕೆಂಪು ಬೆಳಕನ್ನು ಹೊರಗೆ ತಳ್ಳುತ್ತದೆ, ಚಿತ್ರ ಹಸಿರುಹಸಿರು. 10-30 ಪಟ್ಟಿನ ಜೂಮ್ ಬೈನಾಕ್ಯುಲರ್ ಕೂಡ ಬೇಡ. ಕೊಳವೆಗಳು ಬೇಗ ಹೊಂದಿಕೆ ತಪ್ಪುತ್ತವೆ, ನೋಟವೂ ಕಿರಿದು.

ದುಡ್ಡಿನ ಪ್ರಕಾರ

ಬೆಲೆ ಏರಿಳಿಯುತ್ತಾ ಇರುತ್ತದೆ, ಆದರೂ ಅಂದಾಜು ಹೇಳುತ್ತೇನೆ. ಹತ್ತು ಸಾವಿರದ ಆಸುಪಾಸು ಇದ್ದರೆ ಪೊರೊ ಬೈನಾಕ್ಯುಲರ್, ಬೇರೆ ಯೋಚನೆ ಬೇಡ. ಹದಿನೈದು ಇಪ್ಪತ್ತು ಸಾವಿರ ಇದ್ದರೂ ಅದನ್ನು ಎರಡಕ್ಕೆ ಹಂಚಬೇಡಿ. ನೀರು ಹೋಗದ ಒಂದು ಒಳ್ಳೆಯ ಬೈನಾಕ್ಯುಲರ್‌ಗೆ ಹಾಕಿ. ಅರ್ಧಂಬರ್ಧ ಎರಡು ಸಾಧನಕ್ಕಿಂತ ಕೊರಳಲ್ಲಿ ಸದಾ ಇರುವ ಒಂದೇ ಒಳ್ಳೆಯದು ಮೇಲು. ಮೂವತ್ತೈದು ನಲವತ್ತು ಸಾವಿರ ಇದ್ದು, ಹಿನ್ನೀರಿಗೆ ಚಳಿಗಾಲದಲ್ಲಿ ತಪ್ಪದೆ ಹೋಗುವವರಾದರೆ, ಹತ್ತು ಸಾವಿರದ ಬೈನಾಕ್ಯುಲರ್, ಇಪ್ಪತ್ತು ಸಾವಿರದ ಆಸುಪಾಸಿನ 80 ಮಿಲಿಮೀಟರ್ ಸ್ಕೋಪ್, ಉಳಿದದ್ದು ಟ್ರೈಪಾಡ್‌ಗೆ. ಸೆಲೆಸ್ಟ್ರಾನ್ ಅಲ್ಟಿಮಾ 80 ಈ ಜಾತಿಯದ್ದು. 20 ಪಟ್ಟಿಗೆ ಎಕ್ಸಿಟ್ ಪ್ಯೂಪಿಲ್ 4 ಸಿಗುತ್ತದೆ. 60 ಮಿಲಿಮೀಟರ್ ಸ್ಕೋಪ್‌ಗಿಂತ ಭಾರ, ಆದರೆ ಬೆಳಗಿನ ಮಂದ ಬೆಳಕಿಗೆ ಅದೇ ವಾಸಿ.

ಧೂಳಿನ ಮಾತು ಹೇಳದೆ ಬಿಡಬಾರದು. ಮಲೆನಾಡಿನವರಿಗೆ ಗಾಜಿನೊಳಗೆ ಬೂಷ್ಟು ಹಿಡಿಯುವ ಚಿಂತೆ. ನಮಗೆ ಕೆಂಧೂಳು. ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಬೈಕ್ ಮೇಲೆ ಹೋದರೆ ಗಾಜಿನ ಮೇಲೆ ಕೂರುವುದು ಕಬ್ಬಿಣದ ಅದಿರಿನ ಪುಡಿ. ಅದನ್ನು ಟವೆಲ್‌ನಿಂದ, ಅಂಗಿಯ ಚುಂಗಿನಿಂದ ಉಜ್ಜಿದರೆ ಲೇಪನದ ಮೇಲೆ ಗೀರು ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ. ಆಮೇಲೆ ಮೆತ್ತನೆ ಬ್ರಷ್. ಕೊನೆಗಷ್ಟೇ ಲೆನ್ಸ್ ಬಟ್ಟೆ. ಬಾಯಿಂದ ಊದಬೇಡಿ, ಉಗುಳು ತಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಬಿಡಬೇಡಿ. ಒಳಗಿನ ಗ್ರೀಸ್, ಅಂಟು ಎರಡಕ್ಕೂ ಆ ಕಾವು ಒಳ್ಳೆಯದಲ್ಲ.

ಸ್ಕೋಪ್ ಒಬ್ಬರೇ ಕೊಳ್ಳಬೇಕು ಅಂತ ಏನೂ ಇಲ್ಲ. ಬೈನಾಕ್ಯುಲರ್ ತಲಾ ಒಂದು ಬೇಕು, ಏಕೆಂದರೆ ಅದು ನಿಮ್ಮ ಕಣ್ಣಿನ ಅಗಲಕ್ಕೆ, ನಿಮ್ಮ ಡಯಾಪ್ಟರ್‌ಗೆ ಹೊಂದಿಕೊಂಡಿರುತ್ತದೆ. ಸ್ಕೋಪ್ ನಾಲ್ಕೈದು ಜನ ಸೇರಿ, ಅಥವಾ ಶಾಲೆಯ ಇಕೋ ಕ್ಲಬ್ ಸೇರಿ ಒಂದು ಕೊಳ್ಳಬಹುದು. ಹಾಗೆ ಕೊಳ್ಳುವಾಗ ನೆಟ್ಟಗಿನದ್ದು ಬೇಡ, ಕಣ್ಣಿಡುವ ಕಡೆ 45 ಡಿಗ್ರಿ ಬಾಗಿರುವ ಮಾದರಿ ತಗೊಳ್ಳಿ. ಎತ್ತರದವರು ಬಗ್ಗಿ ನೋಡುತ್ತಾರೆ, ಮಕ್ಕಳಿಗೆ ಟ್ರೈಪಾಡ್ ಸ್ವಲ್ಪ ತಗ್ಗಿಸಿದರೆ ಸಾಕು, ಪ್ರತಿಯೊಬ್ಬರಿಗೂ ಬೇರೆ ಬೇರೆ ಎತ್ತರ ಹೊಂದಿಸಬೇಕಿಲ್ಲ. ಕಾರಿನೊಳಗಿಂದಲೇ ನೋಡುವವರಿಗೆ ಮಾತ್ರ ನೆಟ್ಟಗಿನದ್ದು ಸುಲಭ. ಜೊತೆಗೆ ಮೊಬೈಲ್ ಸಿಕ್ಕಿಸುವ ಅಡಾಪ್ಟರ್ ಒಂದು ಇಟ್ಟುಕೊಳ್ಳಿ. ಕೊರಳಪಟ್ಟಿಯ ಹೆಬ್ಬಾತು ಸಿಕ್ಕರೆ ಅಂಕಿ ಬಾಯಿಪಾಠ ಮಾಡುತ್ತಾ ಕೂರದೆ ಫೋಟೊ ತೆಗೆದು, ತಾರೀಖು, ಜಾಗ ಬರೆದಿಡಿ.